ಅಮಾವಾಸ್ಯೆಯ ಅರವತ್ತು ಲೀಟರು

ಶರಣಬಸಪ್ಪನ ಹುಬ್ಬು ನೋಡಿದವರು ಅವನ ಕೆಲಸ ಏನೆಂದು ಕೇಳಬೇಕಾಗಿಲ್ಲ. ಇಪ್ಪತ್ತಾರು ವರ್ಷ ಭಟ್ಟಿಯ ಬಾಯಿಗೆ ಮುಖ ಒಡ್ಡಿ ನಿಂತು ಎರಡೂ ಹುಬ್ಬು ಅರ್ಧಕ್ಕರ್ಧ ಸುಟ್ಟುಹೋಗಿವೆ. ಆಳಂದದ ಕಡೆಯವನು. ವಿಕ್ರೋಳಿಯ ಪಾರ್ಕ್‌ಸೈಟ್ ಗುಡ್ಡದ ಮೇಲೆ ಅವನ ಖೋಲಿ, ಗುಡ್ಡ ಇಳಿದರೆ ಅವನ ಕಾರ್ಖಾನೆ. ದೊಡ್ಡ ಕಂಪನಿಗಳ ಗೋಡೆಯ ಆಚೆ ಯಾರ ಕಣ್ಣಿಗೂ ಬೀಳದ ಹಾಗೆ ಮುದುಡಿ ಕುಳಿತ ಕಾರ್ಖಾನೆ ಅದು. ಅಲ್ಲಿ ಅಲ್ಯುಮಿನಿಯಂ ಕರಗಿಸಿ, ಪೈಪುಗಳನ್ನು ಒಂದಕ್ಕೊಂದು ಜೋಡಿಸುವ ತುಂಡುಗಳನ್ನು ಎರಕ ಹೊಯ್ಯುತ್ತಾರೆ. ಒಟ್ಟು ನಲವತ್ತು ಜನ. ಅವರಲ್ಲಿ ಯಾರನ್ನು ಕೇಳಿದರೂ ಶರಣಬಸಪ್ಪ ದೇವರಂಥ ಮನುಷ್ಯ ಎನ್ನುತ್ತಾರೆ. ಈಚೆಗೆ ಅವನಿಗೆ ಆ ಮಾತು ಕೇಳಿದರೆ ಊಟ ಸೇರುವುದಿಲ್ಲ.

ಭಟ್ಟಿಗೆ ಇಬ್ಬರು. ಬೆಳಗಿನ ಪಾಳಿಗೆ ಶ್ರೀಮಂತ ಎಂಬವನು, ಮಧ್ಯಾಹ್ನದ ಪಾಳಿಗೆ ಶರಣಬಸಪ್ಪ. ಶ್ರೀಮಂತ ಅವನಿಗಿಂತ ಹನ್ನೆರಡು ವರ್ಷ ಚಿಕ್ಕವನು, ಪಕ್ಕದ ಊರವನು. ಹನ್ನೊಂದು ವರ್ಷದ ಹಿಂದೆ ಅವನನ್ನು ಕೈಹಿಡಿದು ಕರೆತಂದು ಭಟ್ಟಿಯ ಮುಂದೆ ನಿಲ್ಲಿಸಿದವನು ಶರಣಬಸಪ್ಪನೇ. ಕರಗಿದ ಲೋಹದ ಬಣ್ಣ ನೋಡಿ ಕಾವು ಹೇಳುವುದನ್ನು ಕಲಿಸಿದವನೂ ಅವನೇ. ಶ್ರೀಮಂತ ಅವನನ್ನು ಅಣ್ಣಾ ಎನ್ನುತ್ತಿದ್ದ. ಆ ಅಣ್ಣ ಅನ್ನುವುದರಲ್ಲಿ ಸಂಬಂಧಕ್ಕಿಂತ ಹೆಚ್ಚಾಗಿ ಗುರುಭಾವವೇ ಇತ್ತು.

ಪಾಳಿಯ ಪದ್ಧತಿ ಬಹಳ ಸರಳ. ರಾತ್ರಿ ಹತ್ತಕ್ಕೆ ಶರಣಬಸಪ್ಪ ಬರ್ನರ್ ಆರಿಸಬೇಕು, ಡೀಸೆಲ್ ಟಾಕಿಯೊಳಗೆ ಅಳತೆಯ ಕೋಲು ಇಳಿಸಿ ಎಷ್ಟು ಉಳಿದಿದೆ ನೋಡಬೇಕು, ಪುಸ್ತಕದಲ್ಲಿ ಬರೆಯಬೇಕು. ಬೆಳಗ್ಗೆ ಆರಕ್ಕೆ ಶ್ರೀಮಂತ ಬಂದು ಹಚ್ಚಬೇಕು, ಮಧ್ಯಾಹ್ನ ಎರಡಕ್ಕೆ ಅವನೂ ಕೋಲು ಇಳಿಸಿ ಬರೆಯಬೇಕು. ಎರಡು ಅಂಕಿಗಳ ನಡುವೆ ಕಡಿಮೆಯಾದದ್ದು ಆ ಪಾಳಿಯ ಖರ್ಚು. ಆ ಪುಸ್ತಕವನ್ನು ವರ್ಷಗಟ್ಟಲೆ ಯಾರೂ ತೆರೆದು ನೋಡಿರಲಿಲ್ಲ.

ತಿಂಗಳಿಗೊಂದು ರಾತ್ರಿ ಮಾತ್ರ ಈ ಪದ್ಧತಿ ತಪ್ಪುತ್ತಿತ್ತು. ಶರಣಬಸಪ್ಪನಿಗೆ ಕೆಲಸ ಕಲಿಸಿದ ಬಸವಂತರಾಯ ಎಂಬ ಹಿರಿಯ, ಅಮಾವಾಸ್ಯೆಯ ರಾತ್ರಿ ಭಟ್ಟಿ ಆರಿಸುತ್ತಿರಲಿಲ್ಲ. ಹಿಂದೊಮ್ಮೆ ಮಳೆಗಾಲದ ಅಮಾವಾಸ್ಯೆಯಂದು ಆರಿಸಿ ಹೋದ ಭಟ್ಟಿಯನ್ನು ಮರುದಿನ ಹಚ್ಚಿದಾಗ, ತಂಪು ಹಿಡಿದ ಒಳಗೋಡೆ ಸಿಡಿದು, ಮುಂದೆ ನಿಂತಿದ್ದ ಧರ್ಮಣ್ಣ ಎಂಬವನು ಸುಟ್ಟು ಸತ್ತಿದ್ದ. ಬಸವಂತರಾಯ ಅಂದೇ ಆಣೆ ಮಾಡಿದ. ಸಾಯುವ ಮುಂಚೆ ಆ ಆಣೆಯನ್ನು ಶರಣಬಸಪ್ಪನ ಕೈಗೆ ಕೊಟ್ಟುಹೋದ. ಗೋಡೆ ಸಿಡಿದದ್ದು ಮಳೆಯ ನೀರು ಇಂಗಿದ್ದಕ್ಕೋ ತಿಥಿಯ ದೋಷಕ್ಕೋ ಎಂದು ಶರಣಬಸಪ್ಪ ಎಂದೂ ಕೇಳಿಕೊಂಡವನಲ್ಲ. ಇಂಥವನ್ನು ನಾವು ಕೇಳಿಕೊಳ್ಳುವುದಿಲ್ಲ, ಪಾಲಿಸಿಬಿಡುತ್ತೇವೆ.

ಖಾಲಿ ಭಟ್ಟಿಗೆ ರಾತ್ರಿಯಿಡೀ ಡೀಸೆಲ್ ಸುಡುತ್ತೇನೆಂದರೆ ಮಾಲೀಕ ಸೇಠ್ ಒಪ್ಪುತ್ತಾನೆಯೇ? ಆದ್ದರಿಂದ ಅಮಾವಾಸ್ಯೆಯಂದು ಶರಣಬಸಪ್ಪ ಮೊದಲು ಕೋಲು ಇಳಿಸಿ ಅಂಕಿ ಬರೆಯುತ್ತಿದ್ದ, ಆಮೇಲೆ ಬರ್ನರನ್ನು ಸಣ್ಣಗೆ ಉರಿಯಲು ಬಿಟ್ಟು ಮನೆಗೆ ಹೋಗುತ್ತಿದ್ದ. ವಾಚ್‌ಮನ್ ಗೇಟು ಬಿಟ್ಟು ಒಳಗೆ ಬರುವವನಲ್ಲ. ಬೆಳಗಾಗುವುದರೊಳಗೆ ಐವತ್ತು ಅರವತ್ತು ಲೀಟರು ಉರಿದುಹೋಗುತ್ತಿತ್ತು. ಅದು ಬೀಳುತ್ತಿದ್ದದ್ದು ಬೆಳಗಿನ ಪಾಳಿಯ ಮೇಲೆ, ಎಂದರೆ ಶ್ರೀಮಂತನ ಹೆಸರಿಗೆ.

ಮೊದಲ ಸಲ ಬೆಳಗ್ಗೆ ಬಂದಾಗ ಭಟ್ಟಿ ಕೆಂಪಗಿರುವುದನ್ನು ಕಂಡು ಶ್ರೀಮಂತ ಕೇಳಿದ್ದ. ಧರ್ಮಣ್ಣ ಸತ್ತ ಕಥೆಯನ್ನು ಹೇಳಿ, "ಬಸವಂತರಾಯ್ರ ಆಣಿ ಅದ. ಯಾರ ಮುಂದೂ ಹೇಳಬ್ಯಾಡ," ಎಂದಿದ್ದ ಶರಣಬಸಪ್ಪ. "ಆತು ಅಣ್ಣಾ," ಎಂದಿದ್ದ ಶ್ರೀಮಂತ. ಮುಂದೆ ಹನ್ನೊಂದು ವರ್ಷ ಆ ಮಾತು ಇಬ್ಬರ ನಡುವೆ ಬರಲಿಲ್ಲ.

ಅಷ್ಟರಲ್ಲಿ ಯುರೋಪಿನವರು ಹೊಸ ಕಾನೂನು ತಂದರು. ಹೊರದೇಶದಿಂದ ಬರುವ ಅಲ್ಯುಮಿನಿಯಂ ಮಾಲು ತಯಾರಾಗುವಾಗ ಎಷ್ಟು ಇಂಗಾಲ ಗಾಳಿಗೆ ಸೇರಿತು ಎಂಬುದನ್ನು ಲೆಕ್ಕಹಾಕಿ ಹೇಳಬೇಕು, ಹೆಚ್ಚಿದ್ದರೆ ಅಲ್ಲಿ ಕೊಳ್ಳುವವನು ಅದಕ್ಕೆ ತೆರಬೇಕು. ಕಾರ್ಖಾನೆಯ ಮಾಲಿನ ಮುಕ್ಕಾಲು ಪಾಲು ಹೋಗುತ್ತಿದ್ದದ್ದು ಅಲ್ಲಿಗೇ. ಯಾವ ಪಾಳಿಯಲ್ಲಿ ಎಷ್ಟು ಲೋಹಕ್ಕೆ ಎಷ್ಟು ಡೀಸೆಲ್ ಉರಿಯಿತು, ಎಲ್ಲ ಬೇಕೆಂದು ಅಲ್ಲಿನ ವ್ಯಾಪಾರಿ ಬರೆದ. ಆಫೀಸಿನ ಶೈಲಾ ಧೂಳು ಕೊಡವಿ ಆ ಪುಸ್ತಕವನ್ನು ಮೇಲಕ್ಕೆ ಒಯ್ದಳು. ಶೈಲಾ ಮುಲುಂಡಿನಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯ ಹುಡುಗಿ, ಕನ್ನಡ ತಡವರಿಸಿ ಮಾತಾಡಿದರೂ ಲೆಕ್ಕದಲ್ಲಿ ಎಡವುವವಳಲ್ಲ. ಎರಡು ವರ್ಷದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಗೆರೆ ಎಳೆದಳು. ಬೆಳಗಿನ ಪಾಳಿಯ ಗೆರೆ ತಿಂಗಳಿಗೊಮ್ಮೆ ಎದ್ದು ನಿಲ್ಲುತ್ತಿತ್ತು. ತಾರೀಖುಗಳಿಗೆ ತಾಳೆ ಇರಲಿಲ್ಲ. ಗೋಡೆಯ ಮೇಲಿನ ಇಂಗ್ಲಿಷ್ ಕ್ಯಾಲೆಂಡರಿನ ಬದಲು ಒಂದು ಪಂಚಾಂಗ ಇಟ್ಟುಕೊಂಡಿದ್ದರೆ ಐದು ನಿಮಿಷದ ಕೆಲಸವಾಗಿತ್ತು. ಆದರೆ ಇಂಗಾಲದ ಲೆಕ್ಕಕ್ಕೆ ಯಾರು ಪಂಚಾಂಗ ತೆರೆಯುತ್ತಾರೆ? ಸೇಠ್ ಗೆರೆ ನೋಡಿ ಒಂದೇ ಮಾತು ಹೇಳಿದ: "ಚೋರಿ."

ಪಾಳಿ ಬದಲಾಗುವ ಹೊತ್ತಿಗೆ ಇಬ್ಬರನ್ನೂ ಕ್ಯಾಬಿನ್ನಿಗೆ ಕರೆಸಿದರು. ಅರವತ್ತು ಲೀಟರು ಎಲ್ಲಿ ಹೋಗುತ್ತದೆ ಎಂದು ಸೇಠ್ ಹಿಂದಿಯಲ್ಲಿ ಕೇಳಿದ. ನಾನು ಕದ್ದಿಲ್ಲ ಎಂದ ಶ್ರೀಮಂತ. ಹಾಗಾದರೆ ಎಲ್ಲಿ ಹೋಯಿತು ಎಂದ ಸೇಠ್. ಶ್ರೀಮಂತ ಪಕ್ಕಕ್ಕೆ ತಿರುಗಿ ಅಣ್ಣನ ಮುಖ ನೋಡಿದ. ಅದು ದೂರುವ ನೋಟವಾಗಿರಲಿಲ್ಲ, ಕಾಯುವ ನೋಟ. ಶರಣಬಸಪ್ಪ ತನ್ನ ಬೂಟಿನ ತುದಿ ನೋಡುತ್ತ ನಿಂತ. ಐವತ್ತನಾಲ್ಕು ವಯಸ್ಸು, ಈಗ ಹೊರಗೆ ಹಾಕಿದರೆ ಯಾರು ಕೆಲಸ ಕೊಟ್ಟಾರು ಎಂಬುದೊಂದೇ ಅವನ ತಲೆಯಲ್ಲಿತ್ತು. ಶ್ರೀಮಂತನೇ ಹೇಳಿಬಿಡಲಿ, ಆಗ ನಾನು ಹೌದು ಅಂದರಾಯಿತು ಎಂದೂ ಅಂದುಕೊಂಡ. ಹೇಡಿತನಕ್ಕೆ ಇಂಥ ಉಪಾಯಗಳು ಬೇಗ ಹೊಳೆಯುತ್ತವೆ.

"ನನಗೆ ಗೊತ್ತಿಲ್ಲ ಸೇಠ್," ಎಂದ ಶ್ರೀಮಂತ. ಆ ಸಂಜೆಯೇ ಅವನ ಕೆಲಸ ಹೋಯಿತು.

ಮುಂದಿನ ಅಮಾವಾಸ್ಯೆ ಬಂತು. ಬೆಳಗಿನ ಪಾಳಿಗೆ ಬಿಹಾರದ ಹೊಸಬ ಬಂದಿದ್ದ. ಭಟ್ಟಿ ಉರಿಯುವುದನ್ನು ಅವನು ಕಂಡರೆ ಸುಮ್ಮನಿರುವವನಲ್ಲ, ಪುಸ್ತಕದ ಮೇಲೆ ಶೈಲಾಳ ಕಣ್ಣೂ ಇತ್ತು. ಹತ್ತಕ್ಕೆ ಶರಣಬಸಪ್ಪ ಬಸವಂತರಾಯನನ್ನು ನೆನೆದು, ಬರ್ನರ್ ಆರಿಸಿದ. ಬೆಳಗ್ಗೆ ಆರಕ್ಕೆ ಗುಡ್ಡ ಇಳಿದು ಬಂದು ಗೇಟಿನ ಹತ್ತಿರ ನಿಂತ. ಹೊಸಬ ಭಟ್ಟಿ ಹಚ್ಚಿದ. ಬೆಂಕಿ ಹಿಡಿಯಿತು, ಲೋಹ ಕರಗಿತು, ಏನೂ ಸಿಡಿಯಲಿಲ್ಲ. ಶರಣಬಸಪ್ಪ ಮನೆಗೆ ಹೋಗಿ ಮಲಗಿದ.

ಆ ತಿಂಗಳು ಗೆರೆ ಏಳಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. "ನೋಡು, ಆ ಮನುಷ್ಯ ಹೋದ ಮೇಲೆ ಒಂದು ಲೀಟರೂ ಹೆಚ್ಚು ಕಮ್ಮಿ ಇಲ್ಲ," ಎಂದು ಸೇಠ್ ಎಲ್ಲರೆದುರು ಹೇಳಿದ. ಹೀಗೆ ಶರಣಬಸಪ್ಪ ಎರಡು ಸಲ ಶ್ರೀಮಂತನನ್ನು ಕಳ್ಳನನ್ನಾಗಿ ಮಾಡಿದ, ಒಮ್ಮೆ ಬೆಂಕಿ ಹಚ್ಚಿಟ್ಟು, ಇನ್ನೊಮ್ಮೆ ಆರಿಸಿ. ಡೀಸೆಲ್ ಕಳ್ಳ ಎಂಬ ಮಾತು ಭಾಂಡುಪದವರೆಗಿನ ಭಟ್ಟಿಗಳಿಗೆಲ್ಲ ಫೋನಿನಲ್ಲೇ ಹಬ್ಬಿತು. ಶ್ರೀಮಂತನಿಗೆ ಯಾರೂ ಕೆಲಸ ಕೊಡಲಿಲ್ಲ. ಕೊನೆಗೆ ಗ್ರಾಂಟ್ ರೋಡಿನ ಒಂದು ಲಾಡ್ಜಿನಲ್ಲಿ ಕೋಣೆ ಒರೆಸುವ, ಚಾದರ ಬದಲಿಸುವ ಕೆಲಸಕ್ಕೆ ಸೇರಿದ ಎಂದು ಸುದ್ದಿ ಬಂತು.

ಹೆಂಡತಿ ಸೋಮವ್ವನಿಗೆ ಗಂಡನ ತಟ್ಟೆಯಲ್ಲಿ ರೊಟ್ಟಿ ಉಳಿಯುತ್ತಿರುವುದು ಕಂಡಿತ್ತು. ಒಂದು ಭಾನುವಾರ ಕೂಡಿಸಿಕೊಂಡು ಕೇಳಿದಳು. ಅವನು ಎಲ್ಲ ಹೇಳಿದ. ಅವಳು ಬೈಯಲಿಲ್ಲ, ಅಳಲೂ ಇಲ್ಲ.

"ಮೊನ್ನಿ ಭುವನೇಶ್ವರಿ ನಳದ ಹತ್ರ ನೀರಿಗೆ ನಿಂತಾಗ ಸಿಕ್ಕಿದ್ಳು. ನನ್ನ ಗಂಡ ಕಳ್ಳ ಅಲ್ಲ ಅಕ್ಕಾ, ನಿಮಗರೆ ಗೊತ್ತದಲ್ಲ ಅಂದ್ಳು," ಎಂದಳು. ಭುವನೇಶ್ವರಿ ಶ್ರೀಮಂತನ ಹೆಂಡತಿ. "ಗೊತ್ತದ ಅಂದೆ. ನನಗೇನ್ ಗೊತ್ತಿತ್ತು ನಿಮ್ಮ ಕಥಿ. ನಾಳಿ ಹೋಗಿ ಸೇಠನ ಮುಂದ ಹೇಳ್ರಿ."

ಅವನು ಹೋದ, ಹೇಳಿದ. ಸೇಠ್ ಬಾಗಿಲು ಹಾಕಿಕೊಂಡು ಪೂರ್ತಿ ಕೇಳಿದ, ಆಮೇಲೆ ತಾಳ್ಮೆಯಿಂದಲೇ ತಿಳಿಹೇಳಿದ. ಕಳುವಾದ ಡೀಸೆಲ್ ನಮ್ಮ ಭಟ್ಟಿಯಲ್ಲಿ ಉರಿಯಲಿಲ್ಲ, ಅದರ ಹೊಗೆ ನಮ್ಮ ಮಾಲಿನ ಲೆಕ್ಕಕ್ಕಿಲ್ಲ. ನೀನು ಸುಟ್ಟೆ ಅಂದರೆ ಅಷ್ಟೂ ನಮ್ಮ ತಲೆಗೆ ಬರುತ್ತದೆ. ಕಳ್ಳ ಸಿಕ್ಕ, ತೆಗೆದುಹಾಕಿದೆವು ಎಂದು ಯುರೋಪಿಗೆ ವರದಿ ಹೋಗಿ ಆಗಿದೆ. ಈಗ ತಿರುಗಿಸಿ ಹೇಳಿದರೆ ನಮ್ಮ ಯಾವ ಅಂಕಿಯನ್ನೂ ಅವರು ನಂಬುವುದಿಲ್ಲ. ಆರ್ಡರ್ ಹೋದರೆ ನಲವತ್ತು ಮನೆಯ ಒಲೆ ಆರುತ್ತದೆ. ಹೋಗು, ಕೆಲಸ ನೋಡು.

ಕ್ಯಾಬಿನ್ನಿನ ಮೆಟ್ಟಿಲಿಳಿಯುವಾಗ ಶರಣಬಸಪ್ಪನಿಗೆ ಎದೆ ಹಗುರವಾಗಿತ್ತು. ಹೇಳಿದ್ದಾಯಿತು, ಇನ್ನು ತನ್ನ ಕೈಲಿಲ್ಲ. ಭಟ್ಟಿಯ ಮುಂದೆ ಬಂದು ನಿಂತಾಗ ತನಗೆ ಸಮಾಧಾನವಾಗಿದೆ ಎಂಬುದು ಅವನ ಅರಿವಿಗೆ ಬಂತು. ಆಗ ಆದ ನಾಚಿಕೆ ಹಿಂದಿನ ಎಲ್ಲ ನಾಚಿಕೆಗಿಂತ ದೊಡ್ಡದು. ಒಬ್ಬನ ಹೆಸರು ಕೆಟ್ಟೇ ಉಳಿಯಲಿ ಎಂದು ಕೇಳಿಸಿಕೊಂಡು ಬಂದು ಅವನು ಖುಷಿಪಟ್ಟಿದ್ದ. ಸೋಮವ್ವನಿಗೆ ಸೇಠ್ ಹೇಳಿದ್ದನ್ನು ತಿಳಿಸಿದ, ಖುಷಿಯನ್ನು ಮುಚ್ಚಿಟ್ಟ.

ಶ್ರೀಮಂತ ಹೋಗಿ ಎಂಟು ತಿಂಗಳಾದ ಮೇಲೆ, ಅಂಕಿಗಳನ್ನು ಕಣ್ಣಾರೆ ಪರೀಕ್ಷಿಸಲು ಯುರೋಪಿನಿಂದ ಒಬ್ಬ ಹೆಂಗಸು ಬಂದಳು. ತಲೆಗೆ ಹಳದಿ ಟೋಪಿ, ಕೈಯಲ್ಲಿ ಕಾಗದದ ಹಲಗೆ. ಸೇಠ್ ಒಂದು ಪಕ್ಕ, ಶೈಲಾ ಇನ್ನೊಂದು ಪಕ್ಕ. ಭಟ್ಟಿಯನ್ನು ಸುತ್ತು ಹಾಕಿ ನೋಡಿ ಅವಳು ಏನೋ ಕೇಳಿದಳು.

"ಮಾಮಾ, ಅವರು ಕೇಳೋದು ಏನಂದ್ರೆ... ಮಾಲ್ ಇಲ್ಲದಾಗ ಕೂಡ ಭಟ್ಟಿ ಚಾಲೂ ಇಡ್ತೀರಾ ಅಂತ. ಕಭೀ ಕಭೀ... ಒಮ್ಮೊಮ್ಮೆ?" ಎಂದಳು ಶೈಲಾ.

ಸೇಠ್ ಅವಳ ಹಿಂದಿನಿಂದ ಇವನನ್ನೇ ನೋಡುತ್ತಿದ್ದ. ಇಲ್ಲ ಎಂಬ ಎರಡಕ್ಷರ ಶರಣಬಸಪ್ಪನ ನಾಲಿಗೆಯ ತುದಿಗೆ ಬಂದಿತ್ತು. ನಲವತ್ತು ಜನ ನೆನಪಾದರು. ನಳದ ಹತ್ತಿರ ನಿಂತ ಭುವನೇಶ್ವರಿಯೂ ನೆನಪಾದಳು.

"ಇಡತಿದ್ದೆ," ಎಂದ. "ಪ್ರತಿ ಅಮಾಸಿ ರಾತ್ರಿ. ಹತ್ತರಿಂದ ಆರರ ತನಕ. ಅದನ್ನ ಶ್ರೀಮಂತ ಕದ್ದಿಲ್ಲ, ನಾನ ಸುಟ್ಟೀನಿ. ಎಲ್ಲಾ ಹೇಳವ್ವಾ ಅವರಿಗೆ, ಒಂದೂ ಬಿಡಬ್ಯಾಡ."

ಶೈಲಾ ಒಂದು ಗಳಿಗೆ ಸೇಠನ ಮುಖ ನೋಡಿದಳು, ಆಮೇಲೆ ಹೇಳಿದಳು. ಎಷ್ಟು ಲೀಟರು, ವರ್ಷಕ್ಕೆ ಎಷ್ಟು ಸಲ, ಈಗಲೂ ಇದೆಯೇ ಎಂದು ಆ ಹೆಂಗಸು ಕೇಳಿದಳು. ಬರೆದುಕೊಂಡಳು. ಅಲ್ಲೇ ನಿಂತು ಲೆಕ್ಕ ಹಾಕಿದಳು. ಇಡೀ ವರ್ಷದ ಡೀಸೆಲ್ಲಿನ ಎದುರು ಅದು ನೂರಕ್ಕೆ ಅರ್ಧವೂ ಆಗಲಿಲ್ಲ. ಹಳೆಯ ವರದಿ ತಿದ್ದಿ ಕಳಿಸಿ ಎಂದು ಹೇಳಿ ಕಂಪ್ರೆಸರ್ ನೋಡಲು ಮುಂದಕ್ಕೆ ನಡೆದಳು. ಎರಡು ನಿಮಿಷವೂ ಹಿಡಿಯಲಿಲ್ಲ. ಆರ್ಡರ್ ಹೋಗಲಿಲ್ಲ, ಯಾರ ಒಲೆಯೂ ಆರಲಿಲ್ಲ. ಸಂಜೆ ಸೇಠ್ ಇವನನ್ನು ಕರೆದು, ಮುಖ ನೋಡದೆ, ಶ್ರೀಮಂತನನ್ನು ಬರಹೇಳು ಎಂದ.

ಶರಣಬಸಪ್ಪ ಮರುದಿನ ಬೆಳಗ್ಗೆಯೇ ಲೋಕಲ್ ಹತ್ತಿದ, ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಇಳಿದ. ಶ್ರೀಮಂತ ಲಾಡ್ಜಿನ ಮೆಟ್ಟಿಲಿಳಿದು ಬರುತ್ತಿದ್ದ, ತೋಳ ತುಂಬ ಮೈಲಿಗೆ ಚಾದರಗಳು. ಅಣ್ಣನನ್ನು ಕಂಡು ಗಂಟು ಕೆಳಗಿಟ್ಟ. ಹುಬ್ಬು ಪೂರ್ತಿ ಬೆಳೆದು ಅವನ ಮುಖ ಬೇರೆ ಯಾರದೋ ಮುಖದ ಹಾಗೆ ಕಾಣುತ್ತಿತ್ತು.

"ಬರ್ರಿ ಅಣ್ಣಾ. ಚಾ ಕುಡಿಯೂಣು," ಎಂದು ಪಕ್ಕದ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋದ.

ಶರಣಬಸಪ್ಪ ಕುಳಿತ ತಕ್ಷಣ ಎಲ್ಲ ಹೇಳಿದ. ಕೊನೆಗೆ, "ಸೇಠ್ ಬಾ ಅಂದಾರ. ತಪ್ಪು ನಂದು ತಮ್ಮಾ. ಅವತ್ತ ಬಾಯಿ ಬಿಡಬೇಕಿತ್ತು. ನನ್ನ ಹೊಟ್ಟಿ ನೋಡಿಕೊಂಡೆ," ಎಂದ.

ಶ್ರೀಮಂತ ಚಹಾದ ಒಂದು ಲೋಟವನ್ನು ಅಣ್ಣನ ಮುಂದೆ ಇಟ್ಟ.

"ನಾ ಯಾಕ ಹೇಳಲಿಲ್ಲ ಗೊತ್ತೇನ್ರಿ?" ಎಂದ. "ನಿಮ್ಮ ಸಲುವಾಗಿ ಅಷ್ಟ ಅಲ್ಲ. ಹೇಳಿದ್ರ ಸೇಠ್ ಅಮಾಸಿ ಬೆಂಕಿ ನಿಲ್ಲಿಸ್ತಿದ್ದ. ನಿಲ್ಲಿಸಿದ್ರ ಮರುದಿನ ಭಟ್ಟಿ ಮುಂದ ನಿಂತವ ಧರ್ಮಣ್ಣನಂಗ ಸಾಯ್ತಿದ್ದ. ನನ್ನ ನೌಕ್ರಿ ಹೋದ್ರ ಹೋಗಲಿ, ಅಣ್ಣ ಇದ್ದಾರ, ಬೆಂಕಿ ಕಾಯ್ತಾರ ಅಂದುಕೊಂಡೆ." ಅವನು ಲೋಟವನ್ನು ಸ್ವಲ್ಪ ಸರಿಸಿದ. "ಈ ಎಂಟು ಅಮಾಸಿ ಏನ್ ಮಾಡಿದ್ರಿ? ಆ ಬಿಹಾರದವನಿಗೆ ತಿಳೀದಂಗ ಹೆಂಗ ಹಚ್ಚಿಟ್ರಿ?"

ಶರಣಬಸಪ್ಪನಿಗೆ ಯುರೋಪಿನವಳ ಎದುರು ಬಂದ ಧೈರ್ಯ ಇಲ್ಲಿ ಬರಲಿಲ್ಲ. ಆದರೂ ಹೇಳಬೇಕಿತ್ತು.

"ಹಚ್ಚಿಡಲಿಲ್ಲ. ಆರಿಸಿದೆ."

"ಮೊದಲ್ನೇ ಅಮಾಸಿಗೇ?"

"ಹೂಂ."

"ಏನೂ ಆಗಲಿಲ್ಲೇನು?"

"ಏನೂ ಆಗಲಿಲ್ಲ."

ಶ್ರೀಮಂತ ಅವನನ್ನೇ ನೋಡಿದ. ಸಿಟ್ಟು ಬಂದಿದ್ದರೆ ಶರಣಬಸಪ್ಪ ತಡೆದುಕೊಳ್ಳುತ್ತಿದ್ದ. ಅದಕ್ಕೆಂದೇ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ.

"ಹಂಗಾದ್ರ ಮೊದಲಿಂದ್ಲೂ ಆರಿಸಬಹುದಿತ್ತಲ್ಲ ಅಣ್ಣಾ," ಎಂದ ಶ್ರೀಮಂತ, ಮೆಲ್ಲಗೆ. ಮೂರನೇ ಮಾಳಿಗೆಯ ಕೋಣೆಗಳು ಇನ್ನೂ ಆಗಬೇಕು ಎಂದು ಹೇಳಿ ಎದ್ದ. ಭಟ್ಟಿಗೆ ಬರುತ್ತೇನೆಂದಾಗಲಿ ಬರುವುದಿಲ್ಲವೆಂದಾಗಲಿ ಅವನು ಹೇಳಲಿಲ್ಲ, ಕೇಳುವ ಬಾಯಿ ಶರಣಬಸಪ್ಪನಿಗೂ ಇರಲಿಲ್ಲ.