ಹಾಡ್ಯಾಡಿ ಅತ್ತದ್ದು

ಅವ್ವ ಸತ್ತಾಗ ನಾನು ಹಾಡ್ಯಾಡಿ ಅಳಲಿಲ್ಲ. ನಮ್ಮ ಆಳಂದದ ಕಡೆ ಹೆಣದ ಮುಂದೆ ಕೂತ ಹೆಂಗಸರು ಸತ್ತವರ ಗುಣಗಳನ್ನು ರಾಗವಾಗಿ ಹೇಳಿಕೊಂಡು ಅಳಬೇಕು. ಗುಣ ಸಾಲದಿದ್ದರೆ ಒಂದೆರಡು ಸೇರಿಸುವುದೂ ಉಂಟು. ನಾನು ಮಾತ್ರ ಬಂದವರಿಗೆ ಚಾಪೆ ಹಾಸುತ್ತ, ನೀರು ಕೊಡುತ್ತ ಓಡಾಡಿದೆ. ಮಗಳಿಗೆ ಕಣ್ಣೀರೇ ಬಂದಿಲ್ಲ ಎಂಬ ಸುದ್ದಿ ಹೆಣ ಏಳುವ ಮೊದಲೇ ಅವ್ವನ ತವರು ನರೋಣಾ ಮುಟ್ಟಿತ್ತು. ಆಮೇಲೆ ನನಗೂ ಅನುಮಾನ ಹತ್ತಿತು: ನನಗೆ ದುಃಖವೇ ಆಗಿಲ್ಲವೇನೋ.

ಆರು ತಿಂಗಳ ನಂತರ ಮೈಸೂರು ಕಡೆಯ ಒಬ್ಬ ಸಂಶೋಧಕಿ ಮನೆಗೆ ಬಂದರು. ಭಾವನೆಗಳ ಇತಿಹಾಸ ಅವರ ವಿಷಯ. ರಾಜರಿಗೆ ಇದ್ದಂತೆ ಅಳುವಿಗೂ ಇತಿಹಾಸವಿದೆ, ಯಾರು ಎಲ್ಲಿ ಎಷ್ಟು ಅಳಬಹುದು ಎಂಬುದನ್ನು ಜನ ಕಲಿತೇ ಅಳುತ್ತಾರೆ ಎಂದು ವಿವರಿಸಿದರು. ಅದನ್ನು ತಿಳಿಯಲು ಅಷ್ಟು ಓದಬೇಕಿತ್ತೆ ಅನ್ನಿಸಿತು. ನಮ್ಮ ಓಣಿಯಲ್ಲಿ ಅಳು ಬಾರದವರಿಗೆ ಚಿವುಟಿ ಕಲಿಸುತ್ತಾರೆ. ಸಂಶೋಧಕಿ ಊರೂರಲ್ಲಿ ಹಾಡ್ಯಾಡಿ ಅಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತ ಅಫಜಲಪುರ, ಜೇವರ್ಗಿ ಮುಗಿಸಿ ಬಂದಿದ್ದರು. ಅಂದೋಲಾದಲ್ಲಿ ಒಬ್ಬ ಅಜ್ಜಿ, ಯಾರೂ ಸಾಯದೆ ಹೇಗೆ ಅಳಲಿ ಎಂದು ವಾಪಸು ಕಳಿಸಿದ್ದಳಂತೆ.

ನಮ್ಮ ಚಿಗವ್ವ, ಅವ್ವನ ತಂಗಿ, ಅಂಥ ತಕರಾರಿನವಳಲ್ಲ. ಮೊಬೈಲ್ ಮುಂದಿಟ್ಟದ್ದೇ ತಡ, ಎಲೆ ಅಡಿಕೆ ಉಗುಳಿ ಬಂದು, ಸೆರಗು ಬಾಯಿಗೆ ಒತ್ತಿ ಶುರುಮಾಡಿದಳು.

“ನನ್ನ ಅಕ್ಕಾ, ರೊಟ್ಟಿ ದಪ್ಪ ಬಡೀತಿದ್ದೆಲ್ಲಬೇ, ದಪ್ಪ ಇದ್ರೂ ಪ್ರೀತೀಲೆ ಹಾಕ್ತಿದ್ದೆಲ್ಲಬೇ...”

ನನಗೆ ಮೈ ಉರಿಯಿತು. ಅವ್ವನ ರೊಟ್ಟಿ ಬೆಳಕಿಗೆ ಹಿಡಿದರೆ ಹಿಂದಿನ ಬೆರಳು ಕಾಣುತ್ತಿದ್ದವು. ದಪ್ಪ ರೊಟ್ಟಿ ಚಿಗವ್ವನದೇ. ಆದರೆ ಹಾಡ್ಯಾಡಿ ಅಳುವವರ ನಡುವೆ ಬಾಯಿ ಹಾಕುವಂತಿಲ್ಲ; ಹಾಕಿದರೆ ಅದೇ ರಾಗದಲ್ಲಿ ಹಾಕಬೇಕು. ಹಾಕಿದೆ.

“ದಪ್ಪ ಇರ್ಲಿಲ್ಲಬೇ ನನ್ನವ್ವಾ, ನಿನ್ನ ಕೈ ರೊಟ್ಟಿ ದಪ್ಪ ಇರ್ಲಿಲ್ಲ...”

ಎರಡನೆಯ ಸಾಲಿಗೆ ದನಿ ಒಡೆಯಿತು. ಮೂರನೆಯದಕ್ಕೆ ಕಣ್ಣು ಮೂಗು ಕೂಡಿಯೇ ಸುರಿಯತೊಡಗಿದವು. ಚಿಗವ್ವ ತನ್ನ ಅಳು ಅರ್ಧಕ್ಕೆ ಬಿಟ್ಟು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ಒತ್ತಿಕೊಂಡೇ, ಸ್ವಲ್ಪ ದಪ್ಪ ಇದ್ದವು ಎಂದಳು.

ಸಂಶೋಧಕಿ ಪೆನ್ನು ಹಿಡಿದು ಕೂತಿದ್ದರು. ಇದನ್ನು ದುಃಖ ಎಂದು ಬರೆಯಲೋ ಸಿಟ್ಟು ಎಂದು ಬರೆಯಲೋ ಎಂದು ಮೆಲ್ಲಗೆ ಕೇಳಿದರು.

“ಜಗಳ ಅಂತ ಬರಕೋರಿ,” ಎಂದಳು ಚಿಗವ್ವ. “ಅವ್ವನ ಸಲುವಾಗಿ ಮಾಡಾಕತ್ತಾಳ.”