ಮಣಿಪಾಲದಲ್ಲಿ ಅತ್ತದ್ದು, ಮನೆಯಲ್ಲಿ ಅತ್ತದ್ದು

ನಿವೃತ್ತಿಯಾದ ಮೇಲೆ ನನಗೆ ಅಳುವ ಕೆಲಸ ಸಿಕ್ಕಿತು. ತಮಾಷೆಯಲ್ಲ. ಮಣಿಪಾಲದ ಒಂದು ಕಾಲೇಜಿನಲ್ಲಿ ಸಮಾಜಕಾರ್ಯ ಓದುವ ಮಕ್ಕಳಿಗೆ ಕಷ್ಟದಲ್ಲಿರುವವರನ್ನು ಮಾತನಾಡಿಸುವುದು ಹೇಗೆಂದು ಕಲಿಸುತ್ತಾರೆ. ಅಭ್ಯಾಸಕ್ಕೆ ಕಷ್ಟದವರು ಬೇಕು. ನಿಜವಾದ ಕಷ್ಟದವರಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಹಾಗಾಗಿ ನನ್ನಂಥವರನ್ನು ಕರೆಯುತ್ತಾರೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾ, ವಾರ್ಷಿಕೋತ್ಸವಕ್ಕೆ ನಾಟಕ ಕಲಿಸುತ್ತಾ ಮುದುಕಿಯಾದವಳು. ಒಂದು ವಾರ ಕುಡುಕನ ಹೆಂಡತಿಯಾದರೆ ಇನ್ನೊಂದು ವಾರ ಸೊಸೆ ಊಟ ಹಾಕದ ಅತ್ತೆ. ಅತ್ತು ಮುಗಿದ ಮೇಲೆ ಬನ್ಸ್ ಮತ್ತು ಚಹಾ.

ಆ ಮಕ್ಕಳ ಅವಸ್ಥೆ ನೋಡಬೇಕಿತ್ತು. ಮುಂದಕ್ಕೆ ಬಾಗಿ ಕುಳಿತುಕೊಳ್ಳಿ ಎಂದು ಹೇಳಿಕೊಟ್ಟಿದ್ದರು. ಕೆಲವರು ಎಷ್ಟು ಬಾಗುತ್ತಿದ್ದರೆಂದರೆ, ಮಡಿಲಿಗೇ ಬಿದ್ದಾರು ಎಂದು ನಾನು ಕುರ್ಚಿಯನ್ನು ಹಿಂದಕ್ಕೆ ಜರುಗಿಸುತ್ತಿದ್ದೆ. ಎದುರಿನವರು ಹೇಳಿದ್ದನ್ನೇ ತಿರುಗಿ ಹೇಳಬೇಕಂತೆ. ನಿದ್ದೆ ಬರುವುದಿಲ್ಲ ಎಂದರೆ, ನಿದ್ದೆ ಬರುವುದಿಲ್ಲ ಅಲ್ವಾ ಎನ್ನುವುದು. ಒಬ್ಬನಂತೂ ಗಂಭೀರವಾಗಿ, ನಿಮ್ಮ ದುಃಖ ನನಗೆ ಕೇಳಿಸುತ್ತಿದೆ ಎಂದ. ಕಿವಿ ಉಂಟಲ್ಲ ಮಾರಾಯ, ಕೇಳಿಸದೆ ಎಂತ ಮಾಡುತ್ತದೆ ಎಂಬ ಮಾತು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನಡುನಡುವೆ ಸುಮ್ಮನೆ ಕೂರುವುದೂ ಒಂದು ಪಾಠವಾಗಿತ್ತು. ನಮ್ಮ ಕಡೆ ಮನೆಗೆ ಬಂದವರು ಹಾಗೆ ಮುಖ ನೋಡುತ್ತಾ ಸುಮ್ಮನೆ ಕುಳಿತರೆ ಸಿಟ್ಟು ಬಂದಿರಬೇಕು, ಇಲ್ಲವೇ ಹಸಿವಾಗಿರಬೇಕು.

ನನಗೆ ಹೆಸರು ತಂದುಕೊಟ್ಟದ್ದು ಒಂದು ಪಾತ್ರ. ತಬ್ಬಲಿ ಮಗುವೊಂದನ್ನು ತನಗೇ ಕೊಡಬೇಕೆಂದು ಹಟ ಹಿಡಿದ ಒಂಟಿ ಹೆಂಗಸು. ಆ ದಿನ ನನ್ನನ್ನು ಮಾತನಾಡಿಸಲು ಕುಳಿತವಳು ಕಾಪುವಿನ ಬ್ಯಾರಿ ಮುಸ್ಲಿಮರ ಹುಡುಗಿ. ಅವಳ ತಂದೆಗೆ ಪೇಟೆಯಲ್ಲಿ ಚಪ್ಪಲಿ ಅಂಗಡಿ. ನಾನು ಸೆರಗನ್ನು ಬಾಯಿಗೊತ್ತಿಕೊಂಡು ಅತ್ತೆ. ಪಾಪ, ಅವಳ ಕಣ್ಣಲ್ಲೂ ನೀರು ಬಂತು. ಪ್ರೊಫೆಸರರು ಅಲ್ಲಿಗೇ ನಿಲ್ಲಿಸಿ, ಎಲ್ಲರ ಎದುರು, ನೀನು ಮೋಸ ಹೋದೆ ಎಂದರು. ಈ ಹೆಂಗಸಿಗೆ ಬೇಕಾದದ್ದು ಮಗುವಲ್ಲ, ತನ್ನ ಒಂಟಿತನಕ್ಕೆ ಮದ್ದು. ಇಂಥವರ ಕಣ್ಣೀರು ನೋಡಿ ಮಗುವನ್ನು ಕೊಡಬಾರದು ಎಂದರು. ಮಕ್ಕಳೆಲ್ಲ ಬರೆದುಕೊಂಡರು. ಎಂಥಾ ಒಳ್ಳೆಯ ಪಾಠ ಎಂದು ನಾನೂ ಬನ್ಸ್ ತಿನ್ನುತ್ತಾ ತಲೆಯಾಡಿಸಿದೆ.

ಆದಿ ಉಡುಪಿಯಲ್ಲಿ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ಬಾಡಿಗೆಗಿದ್ದಳು. ಗಂಡ ತೀರಿಕೊಂಡಿದ್ದ. ಕಟ್ಟಡದ ಕೆಲಸಕ್ಕೆ ಹೋಗಿ ಪುಟ್ಟ ಮಗಳನ್ನು ಸಾಕುತ್ತಿದ್ದಳು. ಒಂದು ಮಳೆಗಾಲ ಜ್ವರ ಬಂದು ಆಕೆಯೂ ಹೋದಳು. ಅವರ ಊರಿನಲ್ಲಿ ತಮ್ಮವರು ಎನ್ನುವವರು ಯಾರೂ ಇರಲಿಲ್ಲ. ಹುಡುಗಿ ನನ್ನ ಅಡುಗೆಮನೆಗೆ ಬಂದವಳು ಅಲ್ಲೇ ಉಳಿದಳು. ಕೆಲವು ತಿಂಗಳಾದ ಮೇಲೆ ಮಕ್ಕಳ ಇಲಾಖೆಯವರು ಬಂದು, ಸಂಬಂಧವಿಲ್ಲದ ಮಗುವನ್ನು ಹೀಗೆ ಇಟ್ಟುಕೊಳ್ಳುವಂತಿಲ್ಲ ಎಂದು ಕಾರ್ಕಳದ ಒಂದು ಮಕ್ಕಳ ಆಶ್ರಮಕ್ಕೆ ಸೇರಿಸಿದರು. ಕಾನೂನು ಸರಿಯೇ ಇರಬಹುದು, ನಾನು ಮಾತ್ರ ಬಿಡಲಿಲ್ಲ. ಅವಳ ಪೋಷಕತ್ವ ನನಗೆ ಕೊಡಿ ಎಂದು ಅರ್ಜಿ ಹಾಕಿದೆ. ನನ್ನನ್ನು ಮಾತನಾಡಿಸಿ ವರದಿ ಕೊಡಲು ಮಕ್ಕಳ ಕಲ್ಯಾಣ ಸಮಿತಿಯವರು ಒಬ್ಬ ಕಾರ್ಯಕರ್ತೆಯನ್ನು ಕಳಿಸುತ್ತೇವೆ ಎಂದರು. ಅವಳು ಬೇಡವೆಂದರೆ ಹುಡುಗಿ ನನ್ನ ಪಾಲಿಗಿಲ್ಲ.

ಗೇಟು ತೆರೆದು ಬಂದವಳು ಕಾಪುವಿನ ಹುಡುಗಿ.

ನನಗೆ ಖುಷಿಯೋ ಖುಷಿ. ನನ್ನೆದುರೇ ಕಲಿತು ಈಗ ಕೆಲಸಕ್ಕೆ ಸೇರಿದ ಹುಡುಗಿಯಲ್ಲವೇ! ಅವಳು ಚಪ್ಪಲಿ ಕಳಚಿ ಒಳಗೆ ಬಂದು, ಮಗುವಿನ ಬಗ್ಗೆ ಸ್ವಲ್ಪ ಹೇಳಬಹುದಾ ಟೀಚರ್ ಎಂದಳು. ಹೇಳಲು ಹೊರಟೆ, ಅಳು ಬಂತು. ಈ ಸಲ ನಿಜವಾದ ಅಳು. ಆದರೆ ಹಾಳಾದ ಕೈ, ತಾನಾಗಿ ಸೆರಗನ್ನು ಎತ್ತಿ ಬಾಯಿಗೊತ್ತಿತು. ಅವಳ ಮುಖ ಗೋಡೆಯಂತಾಯಿತು. ಆ ಪಾತ್ರ ಮಾಡಿದ ದಿನ ನಾನು ಹೇಗೆ ಬಿಕ್ಕಿದ್ದೆನೋ ಹಾಗೆಯೇ ಬಿಕ್ಕುತ್ತಿದ್ದೆ. ಮನುಷ್ಯರು ಎರಡು ಬಗೆಯಲ್ಲಿ ಅಳಲಿಕ್ಕೆ ಆಗುತ್ತದಾ ನೀವೇ ಹೇಳಿ.

"ಟೀಚರ್, ಇದು ಕ್ಲಾಸಲ್ಲ," ಎಂದಳು.

ಅಳು ನಿಲ್ಲಿಸಿದೆ. ಮುಖ ಒರೆಸಿ, ನೆಟ್ಟಗೆ ಕುಳಿತು, ಕೇಳಿದ್ದಕ್ಕೆಲ್ಲ ಸರಸರ ಉತ್ತರ ಕೊಟ್ಟೆ. ಅದು ಇನ್ನೂ ಕೆಟ್ಟದಾಯಿತು. ಇಷ್ಟು ಬೇಗ ಅಳು ನಿಲ್ಲಿಸಬಲ್ಲವಳು ನಟಿಯಲ್ಲದೆ ಮತ್ಯಾರು? ಒಂಟಿ ಹೆಂಗಸು, ಪಿಂಚಣಿ, ಖಾಲಿ ಮನೆ, ಮಗು ಬೇಕೆಂಬ ಹಟ. ಪಾತ್ರದಲ್ಲಿ ಇದ್ದದ್ದೆಲ್ಲ ನನ್ನ ಮನೆಯಲ್ಲೇ ಇತ್ತು. ನನ್ನಂಥವಳನ್ನು ನಂಬಬೇಡ ಎಂದು ಅವಳಿಗೆ ಪಾಠ ಮಾಡಿದವರಲ್ಲಿ ನಾನೂ ಒಬ್ಬಳು. ಅವಳ ತಪ್ಪೇನೂ ಇರಲಿಲ್ಲ, ಆದರೂ ಎದ್ದು ಕಿವಿ ಹಿಂಡೋಣ ಅನ್ನಿಸುವಷ್ಟು ಸಿಟ್ಟು ಬಂತು.

ಹೊರಡುವಾಗ ಅವಳು ಮೆಟ್ಟಿಲ ಮೇಲೆ ನಿಂತಳು. "ನಿಮ್ಮ ಯಾವ ಅಳು ನಂಬುವುದು ಅಂತ ನನಗೆ ಗೊತ್ತಾಗುವುದಿಲ್ಲ ಟೀಚರ್. ನಾನು ಮಗುವನ್ನು ಕೇಳ್ತೇನೆ. ನೀವೂ ಬನ್ನಿ," ಎಂದಳು.

ಅವಳು ಹೇಳಿದ ದಿನ ಬಜಗೋಳಿ ಕಡೆಗೆ ಹೋಗುವ ಬಸ್ಸು ಹತ್ತಿ ಕಾರ್ಕಳದಲ್ಲಿ ಇಳಿದೆ. ಅಲ್ಲಿಯವರೆಗೆ ಹುಡುಗಿಯನ್ನು ನೋಡಲು ನನ್ನನ್ನು ಬಿಟ್ಟಿರಲಿಲ್ಲ. ಆಶ್ರಮದಲ್ಲಿ ಅವಳನ್ನು ಕರೆತಂದಾಗ ನನಗೆ ಗುರುತೇ ಸಿಗಲಿಲ್ಲ. ದಿನಾ ಎಣ್ಣೆ ಹಚ್ಚಿ ನಾನು ಜಡೆ ಹಾಕುತ್ತಿದ್ದ ಅಷ್ಟುದ್ದದ ಕೂದಲನ್ನು, ಹೇನಾಗಿದೆ ಎಂದು ಕಿವಿಯ ಮೇಲಕ್ಕೆ ಕತ್ತರಿಸಿಬಿಟ್ಟಿದ್ದರು. ಅವಳು ನನ್ನ ಕಡೆ ನೋಡದೆ ನೆಲ ನೋಡುತ್ತಾ ಕುಳಿತಳು. ಕಾಪುವಿನ ಹುಡುಗಿ ಕುರ್ಚಿ ಬಿಟ್ಟು ನೆಲದ ಮೇಲೆ ಅವಳ ಪಕ್ಕಕ್ಕೆ ಬಂದಳು. ಟೀಚರ್ ಮನೆಯಲ್ಲಿ ಹೇಗಿತ್ತು ಎಂದು ಕೇಳಿದಳು.

"ಬೈತಾರ್ರಿ."

ಮುಗಿಯಿತು ಕಥೆ ಎಂದುಕೊಂಡೆ.

ಟೀಚರ್ ಅಳುವುದುಂಟಾ ಎಂದು ಕಾಪುವಿನ ಹುಡುಗಿ ಮತ್ತೆ ಕೇಳಿದಳು. ಹುಡುಗಿ ತಲೆಯಲ್ಲಾಡಿಸಿದಳು. "ಇಲ್ರಿ. ನಮ್ಮವ್ವ ಸತ್ತಾಗೂ ನನ್ನ ಮುಂದ ಅತ್ತಿಲ್ರಿ. ಬೈತಾರ ಅಷ್ಟ. ತಲಿ ಬಾಚಾಕ ಕರದ್ರ ನಾ ಓಡಿ ಹೋಗ್ತಿದ್ನಲ್ರಿ, ಅದಕ್ಕ." ಇಲ್ಲಿ ತನ್ನನ್ನು ಯಾರೂ ಬೈಯುವುದಿಲ್ಲ ಎಂದು ಹೇಳಿದಳು. ಹೇಳುವಾಗ ಅವಳ ಸ್ವರ ಚಿಕ್ಕದಾಗಿತ್ತು. ಕೈ ಮೇಲೆ ಹೋಗಿ ಕುತ್ತಿಗೆಯ ಹಿಂದೆ ಜಡೆ ಇರಬೇಕಾದ ಜಾಗವನ್ನು ಮುಟ್ಟಿಕೊಂಡಿತು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದಳು.

"ಟೀಚರ್, ಕೂದಲಾ ಬೆಳದ ಮ್ಯಾಲ ಕರ್ಕೊಂಡ ಹೋಗ್ತೀರೇನ್ರಿ?"

ಕಾಪುವಿನ ಹುಡುಗಿಯೇ ಸಾವರಿಸಿಕೊಂಡು, ಕೂದಲು ಬೆಳೆಯುವವರೆಗೆ ಕಾಯುವುದು ಬೇಡ ಪುಟ್ಟ, ನಾನು ಸಮಿತಿಗೆ ಹೇಳ್ತೇನೆ ಎಂದಳು. ಹುಡುಗಿ ಅವಳ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಮಂಗ! ಕೂದಲಿಗೆ ಮತ್ತು ಮನೆಗೆ ಎಂತ ಸಂಬಂಧ?" ಎಂದು ಬೈದೆ.

ಆಗ ಹುಡುಗಿ ನಂಬಿದಳು.