ಚಪ್ಪರದ ಎತ್ತರ

ಪಿಳ್ಳಪ್ಪ ಮಾವ ಹೊಸಬರು ಯಾರೇ ಸಿಕ್ಕಿದರೂ ಮೊದಲು ಕೈ ಎತ್ತಿ ನಿಲ್ಲಲು ಹೇಳುತ್ತಿದ್ದರು. ಹೆಸರು, ಊರು, ಯಾರ ಕಡೆಯವರು ಎಂಬುದೆಲ್ಲ ಆಮೇಲೆ. ಬಲಗೈಯನ್ನು ನೆಟ್ಟಗೆ ಮೇಲೆತ್ತಿಸಿ, ಸದಾ ಜೊತೆಗಿರುತ್ತಿದ್ದ, ಅಳತೆಗೆ ಕಚ್ಚು ಕೊರೆದ ಬಿದಿರು ಕೋಲನ್ನು ಪಕ್ಕದಲ್ಲಿ ಊರಿ, ಬೆರಳ ತುದಿ ಎಷ್ಟನೆಯ ಕಚ್ಚಿಗೆ ಬಂತೆಂದು ನೋಡುವರು. ಜನಗಣತಿಗೆ ಬಂದ ಮೇಷ್ಟ್ರು ಹೀಗೆ ಕೈ ಎತ್ತಿದ್ದಾರೆ. ಮಗಳನ್ನು ನೋಡಲು ಬಂದ ಗಂಡು ಕಾಫಿ ಲೋಟವನ್ನು ಎಡಗೈಗೆ ಬದಲಾಯಿಸಿಕೊಂಡು ಎತ್ತಿದ್ದಾನೆ. ಚಪ್ಪರದ ತಂತಿ ಮುಟ್ಟುತ್ತಾನೆ, ಪರವಾಗಿಲ್ಲ ಎಂದರಂತೆ ಮಾವ. ಆ ಸಂಬಂಧ ಕುದುರಿತು.

ಅವರ ಕಸುಬು ದ್ರಾಕ್ಷಿ ಚಪ್ಪರ ಹಾಕುವುದು. ಬೆಂಗಳೂರಿನ ಪಕ್ಕದ ವಿಜಯಪುರದ ಸುತ್ತಿನ ಹಳ್ಳಿಗಳಲ್ಲಿ ಕಲ್ಲುಕಂಬ ನೆಟ್ಟು, ಅಡ್ಡಡ್ಡ ತಂತಿ ಎಳೆದು, ಬಳ್ಳಿ ಹಬ್ಬುವ ಹಾಗೆ ಮಾಡಿ ಕೊಡುತ್ತಿದ್ದರು. ತಮ್ಮದೂ ಒಂದು ಎಕರೆ ತೋಟವಿತ್ತು. ಅವರ ತಮ್ಮ ಅಂಜಿನಪ್ಪ ತಂತಿ ಬಿಗಿಯುವುದರಲ್ಲಿ ಗಟ್ಟಿಗ. ಚಪ್ಪರದ ಎತ್ತರವನ್ನು ಬೇರೆಯವರೆಲ್ಲ ತೋಟದ ಯಜಮಾನನ ಅಳತೆಗೆ ಇಡುವರು. ಮಾವ ಮಾತ್ರ ಹಣ್ಣು ಕೀಳಲು ಬರುವ ಹೆಂಗಸರನ್ನು ಕರೆಸಿ ಕೈ ಎತ್ತಿಸುತ್ತಿದ್ದರು. ಒಬ್ಬ ಯಜಮಾನ ಇದಕ್ಕೆ ಮುಖ ಗಂಟು ಹಾಕಿಕೊಂಡಾಗ, "ನಿಮ್ಮೆತ್ರ ತಗೊಂಡು ನಾನೇನ್ ಮಾಡ್ಲಿ ಸ್ವಾಮಿ, ನೀವು ನೋಡೋಕ್ ಬರ್ತೀರಿ, ಅವ್ರು ದಿನವೆಲ್ಲ ಕೈ ಮೇಲಿಟ್ಕೊಂಡಿರ್ತಾರೆ" ಎಂದಿದ್ದರು.

ನಾನು ವಿಜಯಪುರದ ಬಸ್ ನಿಲ್ದಾಣದ ಎದುರು, ಚಿಕ್ಕದೊಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಊರ ವರಸೆಯಲ್ಲಿ ಅವರು ನನಗೆ ಮಾವ, ನಾನು ಅವರಿಗೆ ಅಮ್ಮಣ್ಣಿ. ಪೇಟೆಗೆ ಬಂದಾಗಲೆಲ್ಲ ಲ್ಯಾಬಿಗೆ ಬಂದು ಕೂರುವರು. ಯಂತ್ರ ತಿರುಗುವುದನ್ನು ನೋಡುತ್ತ, ಇದು ಏನನ್ನು ಅಳೆಯುತ್ತದೆ, ಹೇಗೆ ಅಳೆಯುತ್ತದೆ, ಅದೇ ತಪ್ಪಿದರೆ ನಿನಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳುವರು. ಮೂರನೆಯ ಪ್ರಶ್ನೆ ಬಂದಾಗಲೆಲ್ಲ, ಗಿರಾಕಿ ಬಂದರು ಎಂದು ನೆವ ಹೇಳಿ ಒಳಗೆ ಹೋಗಿಬಿಡುತ್ತಿದ್ದೆ.

ಎರಡು ವರ್ಷದ ಹಿಂದೆ, ಬಳ್ಳಿ ಸವರುವ ಕಾಲದಲ್ಲಿ, ಮಾವನ ತೋಟದಲ್ಲೇ ಅಣ್ಣತಮ್ಮಂದಿರಿಗೆ ಜಗಳ ಬಿತ್ತು. ತಂತಿ ಮೇಲೇರಿದೆ, ಕೈಗೆ ಎಟುಕುತ್ತಿಲ್ಲ, ನೀನು ಬಿಗಿ ಹೆಚ್ಚು ಮಾಡಿದ್ದೀಯ ಎಂದು ಮಾವ. ಹೋದ ವರ್ಷ ಬಿಗಿದ ಹಾಗೇ ಬಿಗಿದಿದ್ದೇನೆ ಎಂದು ಅಂಜಿನಪ್ಪ. ಕೊನೆಗೆ ಮಾವ ತಾವೇ ತಂತಿ ಸಡಿಲಿಸಿದರು. ಚಪ್ಪರ ಜೋತುಬಿದ್ದು ಬಳ್ಳಿ ನಲುಗಿತು. ವಾರ ಕಳೆಯುವಷ್ಟರಲ್ಲಿ ಆ ಜೋತುಬಿದ್ದ ತಂತಿಯೂ ಎಟುಕದಾಯಿತು. ಆಗ ಅವರಿಗೆ ಕೋಲಿನ ನೆನಪಾಯಿತು. ಊರಿನವರನ್ನೆಲ್ಲ ಅಳೆದ ಮನುಷ್ಯ ಜಗಳ ಶುರುವಾದ ಮೇಲೆ ಒಮ್ಮೆಯೂ ಆ ಕೋಲನ್ನು ಚಪ್ಪರಕ್ಕೆ ಹಿಡಿದು ನೋಡಿರಲಿಲ್ಲ. ತಮ್ಮನಿಂದ ತಂತಿಯನ್ನು ಮತ್ತೆ ಮೊದಲಿನ ಬಿಗಿಗೆ ತರಿಸಿ, ಕೋಲು ಹಿಡಿದರು. ತಂತಿ ಚಪ್ಪರ ಹಾಕಿದಾಗಿನ ಕಚ್ಚಿಗೇ ಸರಿಯಾಗಿ ಬಂತು.

ಮೂರು ವಾರದ ಮೇಲೆ ಲ್ಯಾಬಿಗೆ ಬಂದರು. ಬಸ್ಸಿನ ಮೆಟ್ಟಿಲಿಳಿಯಲು ಕಂಡಕ್ಟರ್ ತೋಳು ಹಿಡಿಯಬೇಕಾಯಿತಂತೆ.

"ಚಪ್ಪರ ಇದ್ದಲ್ಲೇ ಇದೆ ಅಮ್ಮಣ್ಣಿ, ಇಳಿದಿರೋನು ನಾನು" ಎಂದರು. ಆ ಮಾತಿನಲ್ಲಿ ಹೆದರಿಕೆಗಿಂತ ಕುತೂಹಲವೇ ಹೆಚ್ಚಿತ್ತು. ಎಷ್ಟು ಇಳಿದಿದ್ದೇನೆ, ಎಷ್ಟು ದಿನದಲ್ಲಿ ಇಳಿದೆ, ನಾಳೆ ಇನ್ನೆಷ್ಟು ಎಂಬುದೇ ಅವರ ಚಿಂತೆ. ತೋಟದ ಬಾಗಿಲ ಕಲ್ಲುಕಂಬಕ್ಕೆ ಬೆನ್ನು ಕೊಟ್ಟು ನಿಂತು, ಬೆರಳು ಮುಟ್ಟಿದಲ್ಲಿ ಹೆಂಡತಿಯ ಕೈಲಿ ಬಣ್ಣದ ಗೆರೆ ಎಳೆಸಲು ಶುರು ಮಾಡಿದ್ದರು. ವಾರಕ್ಕೊಂದು ಗೆರೆ. ಅದನ್ನೇ ಕೋಲಿನ ಮೇಲೂ ಗುರುತು ಮಾಡಿಕೊಂಡಿದ್ದರು. ಕಣ್ಣಿನ ರೆಪ್ಪೆ ನೇರಳೆ ಬಣ್ಣಕ್ಕೆ ತಿರುಗಿ ಊದಿತ್ತು, ಎದೆಯ ಮೇಲ್ಭಾಗ ಕೆಂಪಾಗಿತ್ತು. ಬಳ್ಳಿಗೆ ಔಷಧಿ ಹೊಡೆದದ್ದು ಆಗಿಬಂದಿಲ್ಲ ಎಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡೆ.

ರಕ್ತ ತೆಗೆದೆ. ಲಿವರ್ ಪರೀಕ್ಷೆಯಲ್ಲಿ ನೋಡುವ ಎರಡು ಅಂಶಗಳು ವಿಪರೀತ ಏರಿದ್ದವು. ರಿಪೋರ್ಟ್ ನೋಡಿದ ಪೇಟೆಯ ಡಾಕ್ಟರು ಕುಡಿತ ಬಿಡಿ ಎಂದುಬಿಟ್ಟರು. ಮಾವ ಜನ್ಮದಲ್ಲಿ ಕುಡಿದವರಲ್ಲ. ಊರಿಗೆಲ್ಲ ಅದು ಗೊತ್ತು, ನನಗೂ ಗೊತ್ತು. ಆದರೂ ನನ್ನ ಯಂತ್ರದ ಮೇಲೆ ನನಗೆ ನಂಬಿಕೆ. ಲ್ಯಾಬಿನ ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ, ಯಾವಾಗಿನಿಂದ ಅಭ್ಯಾಸ ಮಾವ ಎಂದು ಕೇಳಿದೆ. ಅವರು ಕೋಲು ಊರಿಕೊಂಡು ಎದ್ದರು. ಕುರ್ಚಿಯಿಂದ ಏಳಲು ಮೂರು ಸಲ ಪ್ರಯತ್ನಿಸಬೇಕಾಯಿತು. ನೋಡುತ್ತ ನಿಂತಿದ್ದ ನನಗೆ, ಲಿವರ್ ಕೆಟ್ಟರೆ ತೊಡೆಗೇಕೆ ಶಕ್ತಿ ಹೋಗಬೇಕು ಎಂದು ಹೊಳೆಯಲಿಲ್ಲ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಕೈ ಇಳಿಯುವುದು ನಿಲ್ಲದೆ ಮಾವ ಹೋದ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಆ ಕೋಲನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರಂತೆ. ಗುರುತುಗಳನ್ನು ಒಂದೊಂದಾಗಿ ಓದಿಸಿಕೊಂಡು, ತಲೆ ಬಾಚಿಕೊಳ್ಳಲು ಆಗುತ್ತದೆಯೇ, ಕುಕ್ಕರುಗಾಲಲ್ಲಿ ಕೂತರೆ ಏಳಲು ಆಗುತ್ತದೆಯೇ ಎಂದು ಕೇಳಿದರು. ರಿಪೋರ್ಟಿನಲ್ಲಿ ಏರಿದ್ದ ಆ ಎರಡು ಅಂಶಗಳು ಮಾಂಸಖಂಡದಲ್ಲೂ ಇರುತ್ತವೆ, ಅದು ಹಾಳಾದರೂ ರಕ್ತಕ್ಕೆ ಬರುತ್ತವೆ ಎಂದು ತಿಳಿಸಿ, ಮಾಂಸಖಂಡದ್ದೇ ಬೇರೆ ಪರೀಕ್ಷೆ ಬರೆದರು. ಅದು ಇರಬೇಕಾದ್ದಕ್ಕಿಂತ ಹತ್ತಾರು ಪಟ್ಟು ಬಂತು. ಮಾಂಸಖಂಡದ ಉರಿಯೂತ ಎಂದರು. ನೇರಳೆ ರೆಪ್ಪೆಯೂ ಅದರದೇ ಗುರುತು. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಈ ವಯಸ್ಸಿನಲ್ಲಿ ಈ ಕಾಯಿಲೆ ಬಂದರೆ ಒಮ್ಮೊಮ್ಮೆ ಅದರ ಹಿಂದೆ ಕ್ಯಾನ್ಸರ್ ಅಡಗಿರುತ್ತದೆ ಎಂದು ಮೈಯೆಲ್ಲ ಸ್ಕ್ಯಾನ್ ಮಾಡಿಸಿದರು. ಗಡ್ಡೆ ಸಿಕ್ಕಿದ್ದು ಲಿವರಿನಲ್ಲಿ. ಲಿವರ್ ಕ್ಯಾನ್ಸರ್ ಹೀಗೆ ಮಾಂಸಖಂಡದಲ್ಲಿ ಮುಖ ತೋರಿಸುವುದು ಬಲು ಅಪರೂಪ, ನಾನೂ ಪುಸ್ತಕದಲ್ಲಿ ಓದಿದ್ದಷ್ಟೇ ಎಂದರಂತೆ ಆಕೆ.

ಊರಿಗೆ ಬಂದ ಮಾವ ಇದನ್ನು ನನಗೆ ಪಾಠದ ಹಾಗೆ ಒಪ್ಪಿಸಿದರು. ಗಡ್ಡೆಯ ಮೇಲೆ ಹೋಗಬೇಕಾದ ಮೈಯ ಕಾವಲು ಗುರುತು ತಪ್ಪಿ ಮಾಂಸಖಂಡದ ಮೇಲೆ ಬೀಳುತ್ತದಂತೆ. ಕಳೆ ಕೀಳಲು ಹೋದವರು ಬಳ್ಳಿಯನ್ನೇ ಕಿತ್ತ ಹಾಗೆ. ಗಡ್ಡೆ ಕುಡಿತದಿಂದ ಬಂದದ್ದಲ್ಲ, ಹೆಪಟೈಟಿಸ್ ಬಿ ಎಂಬ ವೈರಸ್ ಎಷ್ಟೋ ವರ್ಷದಿಂದ ಸದ್ದಿಲ್ಲದೆ ಲಿವರಿನಲ್ಲಿತ್ತು. ಅದು ಎಲ್ಲಿಂದ ಬಂತು ಎಂದು ಮಾವ ಕೇಳಿದ್ದಾರೆ. ಹೆತ್ತ ತಾಯಿಯಿಂದಲೂ ಬಂದಿರಬಹುದು ಎಂದಿದ್ದಾರೆ ಡಾಕ್ಟರಮ್ಮ. ಸ್ವಂತ ಕ್ಯಾನ್ಸರಿನ ವಿಷಯ ಅಲ್ಲಿಗೆ ಬಿಟ್ಟು, ನನಗೊಬ್ಬ ತಮ್ಮನಿದ್ದಾನೆ ಎಂದರಂತೆ ಮಾವ.

ಮರುದಿನವೇ ಮನೆಮಂದಿಯೆಲ್ಲ ನನ್ನ ಲ್ಯಾಬಿಗೆ ಬಂದರು. ಚಪ್ಪರದ ಜಗಳದಲ್ಲಿ ನೊಂದು, ತಂತಿ ಬಿಗಿದು ಕೊಟ್ಟ ದಿನದಿಂದ ಅಣ್ಣನೊಡನೆ ಮಾತು ಬಿಟ್ಟಿದ್ದ ಅಂಜಿನಪ್ಪ ಬರುವುದಿಲ್ಲ ಎಂದು ಹಟ ಮಾಡಿದ್ದ. ನನಗೇನಾಗಿದೆ, ಕಲ್ಲಿನ ಹಾಗಿದ್ದೇನೆ ಎಂದನಂತೆ. ಅಣ್ಣ ಅವನ ಮನೆ ಬಾಗಿಲಿಗೆ ಹೋಗಿ ಮೆಟ್ಟಿಲು ಹತ್ತಲಾಗದೆ ಅಂಗಳದಲ್ಲೇ ನಿಂತರು. ಒಂದು ಗಳಿಗೆ ನೋಡಿ ಅವನೇ ಹೊರಗೆ ಬಂದ. ಮಾವನ ಮಗಳಿಗೆ, ಹೆಂಡತಿಗೆ ವೈರಸ್ ಇರಲಿಲ್ಲ, ಲಸಿಕೆ ಹಾಕಿಸಿದರು. ಅಂಜಿನಪ್ಪನಿಗೆ ಇತ್ತು. ಗಡ್ಡೆ ಇನ್ನೂ ಇರಲಿಲ್ಲ.

ಮಾತ್ರೆಗಳಿಂದ ಮಾವನ ಕೈ ಒಂದೆರಡು ತಿಂಗಳು ಮೇಲೇರಿತು. ಕಂಬದ ಮೇಲೆ ಗೆರೆ ನಾಲ್ಕು ಬೆರಳಷ್ಟು ಮೇಲೆ ಹೋದ ದಿನ ನನಗೆ ಫೋನ್ ಮಾಡಿ ಹೇಳಿದ್ದರು. ಆಮೇಲೆ ಮತ್ತೆ ಇಳಿಯಿತು. ಗಡ್ಡೆ ಕತ್ತರಿಸಿ ತೆಗೆಯುವ ಹಂತ ದಾಟಿತ್ತು.

ಕಡೆಯ ಸಲ ನೋಡಿದ್ದು ಅದೇ ಚಪ್ಪರದ ಕೆಳಗೆ. ಕುರ್ಚಿಯಲ್ಲಿದ್ದರು, ಕತ್ತು ನಿಲ್ಲುತ್ತಿರಲಿಲ್ಲ, ಅಂಜಿನಪ್ಪ ಹಿಂದೆ ನಿಂತು ಹಿಡಿದಿದ್ದ. ನನಗೆ ಬಾಗಿಲ ಕಂಬಕ್ಕೆ ಬೆನ್ನು ಕೊಟ್ಟು ಕೈ ಎತ್ತು ಎಂದರು. ತಮ್ಮನಿಂದ ಗೆರೆ ಹಾಕಿಸಿದರು. ಅವನದು, ಮಗಳದು ಆಗಲೇ ಇದ್ದವು. ಮೊದಲಿನ ಅಳತೆ ಇದ್ದರೆ ತಾನೆ ಇಳಿದದ್ದು ತಿಳಿಯುವುದು ಎಂದರು. ಎಷ್ಟೋ ದಿನದಿಂದ ಹೇಳಬೇಕೆಂದಿದ್ದದ್ದನ್ನು ಆಗ ಹೇಳಿದೆ: "ಮಾವ, ಅವತ್ತು ನಾನು ಹಂಗೆ ಕೇಳ್ಬಾರ್ದಿತ್ತು."

"ಕೇಳಿದ್ದು ತಪ್ಪಲ್ಲ ಕಣಮ್ಮಣ್ಣಿ" ಎಂದರು. ಉಸಿರು ತೆಗೆದುಕೊಂಡು, "ನೀನು ಒಂದೇ ಕೇಳಿ ನಿಲ್ಲಿಸ್ಬಿಟ್ಟೆ" ಎಂದರು.

ಹತ್ತು ದಿನಕ್ಕೆ ಹೋಗಿಬಿಟ್ಟರು.

ಈಗ ಲಿವರ್ ರಿಪೋರ್ಟ್ ಏರಿದ್ದರೆ, ತಲೆ ಬಾಚಲು ಕೈ ಎತ್ತಲಾಗುತ್ತದೆಯೇ, ಕೂತಲ್ಲಿಂದ ಏಳಲಾಗುತ್ತದೆಯೇ ಎಂದೂ ಕೇಳುತ್ತೇನೆ. ಕೆಲವರು ನಗುತ್ತಾರೆ. ಅಂಜಿನಪ್ಪ ಆರು ತಿಂಗಳಿಗೊಮ್ಮೆ ರಕ್ತ ಕೊಡಲು ಬರುತ್ತಾನೆ, ಮಾತ್ರೆ ತಪ್ಪಿಸಿಲ್ಲ, ಸ್ಕ್ಯಾನಿನಲ್ಲಿ ಇಲ್ಲಿಯವರೆಗೆ ಏನೂ ಇಲ್ಲ. ಹೋದ ವಾರ ಬಂದಿದ್ದ. ಹೆಗಲ ಮೇಲೆ ಅಣ್ಣನ ಕೋಲಿತ್ತು. ಸೂಜಿ ಚುಚ್ಚುವ ಮೊದಲೇ, ನಾನು ಕೇಳುವ ಮುಂಚೆಯೇ, "ಬೆಳಿಗ್ಗೆ ಕಂಬದ ಹತ್ರ ನಿಂತ್ಕೊಂಡು ನೋಡ್ದೆ, ಗೆರೆ ಮುಟ್ತು" ಎಂದ.